ಪ್ರತ್ಯಯವೂ ಅಡಿಗೆರೆಯೂ



2004ರಲ್ಲಿ ಜಾನ್ ಗ್ರೂಬರ್ ಹೊರತಂದ ಮಾರ್ಕ್‌ಡೌನ್ ಬರಹದಲ್ಲಿ ಪದದ ಎರಡೂ ಬದಿಗೆ ನಕ್ಷತ್ರ ಚಿಹ್ನೆಯನ್ನೋ ಅಂಡರ್‌ಸ್ಕೋರ್ ಎಂಬ ಅಡಿಗೆರೆಯನ್ನೋ ಹಾಕಿದರೆ ಅದು ಓರೆ ಅಕ್ಷರದಲ್ಲಿ ಮೂಡುತ್ತದೆ. ಚಿಹ್ನೆ ತೆರೆಯುವುದೋ ಮುಚ್ಚುವುದೋ ಎಂಬುದನ್ನು ಗಣಕಯಂತ್ರ ಅದರ ಹಿಂದುಮುಂದಿನ ಅಕ್ಷರ ನೋಡಿ ತೀರ್ಮಾನಿಸುತ್ತದೆ. ಕಡತಗಳ ಹೆಸರಿನ ನಡುವೆಯೂ ಅಡಿಗೆರೆ ಬರುವುದುಂಟು. ಆದ್ದರಿಂದ 2014ರ ಕಾಮನ್‌ಮಾರ್ಕ್ ನಿಯಮವು ಪದದೊಳಗಿನ ಅಡಿಗೆರೆಯನ್ನು ಗುರುತೆಂದು ಒಪ್ಪುವುದಿಲ್ಲ.

ಉರ್ದುವಿಗೆ ಇದರಿಂದ ತೊಂದರೆಯಿಲ್ಲ. 'ಸ್ಕೂಲ್ ಮೇಂ' ಎಂಬಲ್ಲಿ 'ಮೇಂ' ಬಿಡಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಪ್ರತ್ಯಯ ಅಂಟಿಕೊಳ್ಳುತ್ತದೆ. _ಶಾಲೆ_ಯಲ್ಲಿ ಎಂದು ಬರೆದರೆ ಗೆರೆಗಳು ಹಾಗೆಯೇ ಉಳಿಯುತ್ತವೆ. ಯಂತ್ರವನ್ನು ಒಲಿಸಲು ಮಕ್ಕಳು 'ಶಾಲೆ ಯಲ್ಲಿ' ಎಂದು ಬಿಡಿಸಿಬಿಡುತ್ತಾರೆ. ಆ ಅಂತರಕ್ಕೆ ನಾನಂತೂ ಅಂಕ ಕಳೆಯುತ್ತೇನೆ! *ಶಾಲೆ*ಯಲ್ಲಿ ಎಂಬುದು ಸರಿಹೋಗುತ್ತದೆ, ನಕ್ಷತ್ರವನ್ನೇ ಕಲಿಸಿರಿ. ಪದಕ್ಕೆ ಉದ್ಧರಣ ಚಿಹ್ನೆಯಿದ್ದರೆ ಮಾತ್ರ ನಕ್ಷತ್ರವೂ ಸೋಲುತ್ತದೆ. ಆಗ *"ಶಾಲೆ"ಯಲ್ಲಿ* ಎಂದು ಪ್ರತ್ಯಯವನ್ನೂ ಒಳಗೆ ಸೇರಿಸಬೇಕು.