ಆಟದ ಊರಿನ ಧಂಧೆ, ನಮ್ಮ ಪಹಣಿಯ ಬೋಜಾ

(ಶಹಾಪುರದಲ್ಲಿ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಯಾದಗಿರಿ, ಸುರಪುರ ಕಡೆಯಿಂದ ಹೊಲದ ಕೆಲಸ ಬಿಟ್ಟು ಬಂದೀರಿ, ಅದಕ್ಕೆ ಪೀಠಿಕೆ ಹಾಕುವುದಿಲ್ಲ. 2030ರಲ್ಲಿ ಅಹಮದಾಬಾದಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಯಲಿದೆ. 2025ರ ನವೆಂಬರ್ 26ರಂದು ಗ್ಲಾಸ್ಗೋದಲ್ಲಿ ಸೇರಿದ ಸಭೆ ಅದನ್ನು ಖಾಯಂ ಮಾಡಿತು. ಅಂದಿನಿಂದ ನಮ್ಮ ಹುಡುಗರ ಬಾಯಲ್ಲಿ ಒಂದೇ ಮಾತು: ಅಲ್ಲಿ ರಸ್ತೆ ಆಗ್ತಾವ, ಮೈದಾನ ಆಗ್ತಾವ, ಟಿಪ್ಪರಿಗೆ ಕೆಲಸದ ಬರ ಇಲ್ಲ, ಅಪ್ಪ ಸಹಿ ಮಾಡಿದರೆ ಸಾಲ ಸಿಗ್ತದ. ಅಪ್ಪ ಅಂದರೆ ಇಲ್ಲಿ ಕೂತಿರುವ ನೀವು. ಸಹಿ ಅಂದರೆ ಹೊಲ.

ಹೋಗಬ್ಯಾಡ್ರಿ ಅಂತ ಹೇಳಾಕ ನಾ ನಿಂತಿಲ್ಲ. ತೊಗರಿ, ಹತ್ತಿಯ ದರ ನಂಬಿ ಮೂರು ಮಕ್ಕಳನ್ನು ಹೊಲದಲ್ಲೇ ಇಟ್ಟುಕೊಳ್ಳೋದು ಆಗದ ಮಾತು. ಆದರೆ ಆಟ ನಡೆಸುವ ಊರಿನಲ್ಲಿ ರೊಕ್ಕ ಯಾರ ಕೈಗೆ ಹೋಗ್ತದ, ಯಾವಾಗ ಹೋಗ್ತದ, ಇದನ್ನು ತಿಳಕೊಂಡು ಹೋಗಬೇಕು. ಇದು ಗುಟ್ಟಿನ ವಿಷಯ ಅಲ್ಲ, ನಮ್ಮ ದೇಶದಲ್ಲೇ ನಡೆದು ಹೋಗಿದೆ.

1982ರಲ್ಲಿ ದೆಹಲಿಯಲ್ಲಿ ಏಷ್ಯಾಡ್ ಆಯಿತು. ಮೈದಾನ, ಮೇಲುಸೇತುವೆ, ಹೋಟೆಲು ಕಟ್ಟಲಿಕ್ಕೆ ಬೇರೆ ಬೇರೆ ರಾಜ್ಯಗಳಿಂದ ಕೂಲಿಕಾರರನ್ನು ತಂದರು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತೇದಾರ ಅದನ್ನು ಜಮಾದಾರನ ಕೈಗೆ ಕೊಟ್ಟ, ಜಮಾದಾರ ತಲೆಗೆ ಒಂದು ರೂಪಾಯಿ ಮುರಕೊಂಡು 8 ರೂಪಾಯಿ 25 ಪೈಸೆ ಕೊಟ್ಟ. ನೂರು ಜನರನ್ನು ತಂದವನಿಗೆ, ಒಂದು ಕಲ್ಲು ಎತ್ತದೆ, ದಿನಕ್ಕೆ ನೂರು ರೂಪಾಯಿ. ಆ ಕಾಲದ ನೂರು ರೂಪಾಯಿ! ಈ ವ್ಯವಹಾರ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಭಗವತಿಯವರು ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟರು: ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಸರಿ. ಅಷ್ಟಾದರೂ 2010ರ ಕಾಮನ್‌ವೆಲ್ತ್ ಆಟಕ್ಕೆ ಅದೇ ದೆಹಲಿಯಲ್ಲಿ ಕೂಲಿಕಾರರ ಸ್ಥಿತಿ ನೋಡಲು ಹೈಕೋರ್ಟು ಮತ್ತೆ ಸಮಿತಿ ನೇಮಿಸಬೇಕಾಯಿತು.

ಇದನ್ನು ಭೂಮಿ ಇದ್ದವರ ಮುಂದೆ ಯಾಕೆ ಹೇಳ್ತೀನಂದ್ರ, ಊರಿಂದ ಮಂದಿ ಕರಕೊಂಡು ಹೋಗುವ ಮೇಸ್ತ್ರಿಗಳಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಮುಂಗಡ ಕೊಟ್ಟು ಇಪ್ಪತ್ತು ಜೋಡಿ ಕರಕೊಂಡು ಹೋಗೋದೂ ಒಂದು 'ಬಿಸಿನೆಸ್' ಅಂತ ಅವರ ಲೆಕ್ಕ. ಇತ್ತ ನಾವು ಹತ್ತಿ ಬಿಡಿಸಾಕ ಆಳು ಸಿಗವಲ್ದು ಅಂತ ಕಟ್ಟೆ ಮ್ಯಾಲೆ ಕೂತು ಬೈತೀವಿ. ಆ ಒಂದು ರೂಪಾಯಿಯ ಧಂಧೆ ನಮ್ಮ ಮನೆಯಿಂದ ನಡೆಯಬಾರದು. ಕೈಗೆ ಪೂರ್ತಿ ಕೂಲಿ, ಹಾಜರಿ ಬರೆದ ಪುಸ್ತಕ, ಇವೆರಡೂ ಇದ್ದರೆ ಮಾತ್ರ ಹುಡುಗ ಮಂದಿ ಕರಕೊಂಡು ಹೋಗಲಿ.

ಈಗ ಟಿಪ್ಪರ್ ಲೆಕ್ಕ. ತಿಳಿಯಲಿಕ್ಕೆಂದು 30 ಲಕ್ಷ ಸಾಲ ಹಿಡಿಯಿರಿ, ನೂರಕ್ಕೆ 12 ಬಡ್ಡಿ, ಐದು ವರ್ಷ. ತಿಂಗಳ ಕಂತು 66 ಸಾವಿರದ ಏಳುನೂರು ಚಿಲ್ಲರೆ. ಒಟ್ಟು 40 ಲಕ್ಷ ಕಟ್ಟಬೇಕು. 2026ರಲ್ಲಿ ತೆಗೆದ ಸಾಲ 2031ಕ್ಕೆ ತೀರ್ತದ. ಆಟ 2030ಕ್ಕೆ ಮುಗೀತದ, ಮಣ್ಣು ಹೊರುವ ಕೆಲಸ ಅದಕ್ಕೂ ಮೊದಲೇ ಮುಗೀತದ, ಕಟ್ಟಡ ಮೇಲೇಳಬೇಕಾದರೆ ಮಣ್ಣಿನ ಕೆಲಸ ಮೊದಲು ಅಲ್ಲೇನು? ದೊಡ್ಡ ಗುತ್ತಿಗೆ ಹಿಡಿದವ ಸಣ್ಣ ಗುತ್ತೇದಾರನಿಗೆ ಕೊಡ್ತಾನ, ಅವ ಇನ್ನೊಬ್ಬನಿಗೆ. ನಮ್ಮ ಟಿಪ್ಪರ್ ಮೂರನೆಯವನ ಕೈಕೆಳಗೆ. ಮ್ಯಾಲಿನವನ ಬಿಲ್ಲು ಮೂರು ತಿಂಗಳು ನಿಂತರೆ ಎರಡು ಲಕ್ಷದ ಕಂತು ನಿಂತಿತು. ಡೀಸೆಲ್ಲು, ಡ್ರೈವರನ ಪಗಾರ ಮಾತ್ರ ನಿಲ್ಲೂದಿಲ್ಲ. ಗಾಡಿ ಸಾಲಕ್ಕೆ ಗಾಡಿ ಅಡವು ಇದ್ದರೆ ಗಾಡಿ ಹೋದೀತು. ಮುಂಗಡ ಹಣಕ್ಕೆಂದು ಹೊಲದ ಮೇಲೆ ತೆಗೆದ ಸಾಲ ಪಹಣಿಯ 11ನೇ ಕಾಲಮ್ಮಿನಲ್ಲಿ ಬೋಜಾ ಆಗಿ ಕೂಡ್ತದ, ಗಾಡಿ ಹೋದ ಮೇಲೂ.

ಹಂಗಾದರೆ ಏನೂ ಉಳಿಯೂದಿಲ್ಲವೇ? ಬೆಂಗಳೂರು ನೋಡಿರಿ. 1997ರಲ್ಲಿ ಅಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಕಂಠೀರವ ಕ್ರೀಡಾಂಗಣ ಹೊಸದಾಯಿತು, ಕೋರಮಂಗಲದಲ್ಲಿ ಆಟಗಾರರಿಗೆಂದು ಎತ್ತರದ ಮನೆಗಳಾದವು. ಆಟ ಕೆಲವೇ ದಿನದ್ದು. ಆ ಮನೆಗಳನ್ನು ಆಮೇಲೆ ಜನರಿಗೆ ಮಾರಿದರು, ಇವತ್ತಿಗೂ ಅದಕ್ಕೆ ಗೇಮ್ಸ್ ವಿಲೇಜ್ ಅಂತಲೇ ಹೆಸರು. ಹೆಸರು ಹಳ್ಳಿ, ದರ ನಮ್ಮ ಹಳ್ಳಿಯದಲ್ಲ! ಆಟಕ್ಕೆ ಮಾತ್ರ ಅಂಗಡಿ ಹಾಕಿದವನಿಗೆ ಆಟದ ದಿನ ಮಾತ್ರ ಗಿರಾಕಿ. ಆದರೆ ನಮ್ಮ ಕಡೆಯವರು ಬೆಂಗಳೂರಿನಲ್ಲಿ ಇಟ್ಟ ಜೋಳದ ರೊಟ್ಟಿ ಖಾನಾವಳಿಗಳಿಗೆ ಯಾವ ಆಟವೂ ಬೇಕಿಲ್ಲ. ದುಡಿಯುವ ಮಂದಿ ಇರುವತನಕ ನಡೀತಾವ.

ನನಗೆ ಕಾಣುವ ದಾರಿ ಇದು: ಅಡಿಗೆ ಮನೆಗಳಿಗೆ ಬೇಳೆ ಬೇಕು, ತೊಗರಿಯಲ್ಲ. ನಾವು ಮಾರುಕಟ್ಟೆಗೆ ತೊಗರಿ ಸುರಿದು ಬರ್ತೀವಿ, ಬೇಳೆ ಮಾಡಿದವನು ಲಾಭ ತಿಂತಾನ. ಕ್ವಿಂಟಲ್ ತೊಗರಿಗೆ ಸುಮಾರು 70 ಕಿಲೋ ಬೇಳೆ, ಹೊಟ್ಟು ನುಚ್ಚು ದನಕ್ಕೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಬಂತು. ಹತ್ತು ಮನೆ ಕೂಡಿ ಸಣ್ಣ ಗಿರಣಿ ಹಾಕಿ ಉದ್ಯಮ್ ನೋಂದಣಿ ಮಾಡಿಸಿದರೆ, 2006ರ ಸಣ್ಣ ಕೈಗಾರಿಕೆ ಕಾನೂನು ನಮ್ಮ ಬೆನ್ನಿಗಿದೆ. ಮಾಲು ಕೊಂಡವ ಹೆಚ್ಚೆಂದರೆ 45 ದಿನದಲ್ಲಿ ರೊಕ್ಕ ಕೊಡಬೇಕು, ಕರಾರು ಬರೆದಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬರೀ ಕೊಂಡು ಮಾರುವವನಿಗೆ ಈ ರಕ್ಷಣೆ ಇಲ್ಲ, ತಯಾರಿಸುವವನಿಗೆ ಇದೆ. ಬೆಳೆಯುವವನಿಗೆ ಇಂಥ ಕಾನೂನು ಯಾಕಿಲ್ಲ ಅನ್ನೋದು ಇನ್ನೊಂದು ಸಭೆಯ ವಿಷಯ.

ಟಿಪ್ಪರೇ ಬೇಕು ಅಂತ ಹಟ ಹಿಡಿದ ಹುಡುಗನಿಗೆ ಒಂದೇ ಮಾತು ಹೇಳಿರಿ: ಗಾಡಿಗೆ ಕೆಲಸ ಕೊಡುವವನ ಸಹಿ ಇರುವ ಕರಾರು ತಾ, ಅದರಲ್ಲಿ ಎಷ್ಟು ತಿಂಗಳ ಕೆಲಸ, ಬಿಲ್ಲು ಎಷ್ಟು ದಿನಕ್ಕೆ ಅಂತ ಬರೆದಿರಲಿ. ಅದನ್ನು ಸಾಲದ ಕಂತಿನ ಪಟ್ಟಿಯ ಪಕ್ಕ ಇಟ್ಟು ಓದಿಸಿರಿ. ಏಜೆಂಟನ ಫೋನ್ ನಂಬರು ಕರಾರು ಅಲ್ಲ. ಕನ್ನಡದಲ್ಲಿ ಬರೆದಿರದ ಕಾಗದಕ್ಕೆ ಮನೆಯ ಹೆಣ್ಣುಮಕ್ಕಳ ಹೆಬ್ಬೆಟ್ಟು ಒತ್ತಿಸಬ್ಯಾಡ್ರಿ. ಯಾರ ಕೈಯಾಗರ ಈಗಲೇ ಅಂಥ ಕಾಗದ ಇದ್ದರೆ ಊಟ ಆದ ಮೇಲೆ ತರ್ರಿ, ಕೂತು ಓದೋಣ.