ಬಂಡೆಯ ಮೇಲಿನ ಎಲಾಂಡ್



ದಕ್ಷಿಣ ಆಫ್ರಿಕದ ಡ್ರೇಕನ್ಸ್‌ಬರ್ಗ್ ಪರ್ವತದ ಗೇಮ್ ಪಾಸ್ ಕಲ್ಲಾಸರೆಯಲ್ಲಿ ಸಾನ್ ಜನರು ಬರೆದ ಎಲಾಂಡ್ ಒಂದಿದೆ. ಎತ್ತಿನ ಗಾತ್ರದ ಈ ಹುಲ್ಲೆ ಸಾಯುತ್ತಿದೆ. ತಲೆ ಬಾಗಿದೆ, ಹಿಂಗಾಲುಗಳು ಹೆಣೆದುಕೊಂಡಿವೆ. ಬಾಲ ಹಿಡಿದಿರುವ ಮನುಷ್ಯನ ಕಾಲುಗಳೂ ಹಾಗೆಯೇ ಹೆಣೆದಿವೆ; ಪಾದಗಳಿರುವಲ್ಲಿ ಗೊರಸುಗಳು.

ಬೇಟೆಯೆಂದರೆ ಮಾಂಸವೆಂದಷ್ಟೇ ತಿಳಿದವರಿಗೆ ಇದರ ಅರ್ಥ ಹೊಳೆಯದು. ರಾತ್ರಿಯಿಡೀ ಕುಣಿದು ಮೈಮರೆಯುವ ವೈದ್ಯನ ಸ್ಥಿತಿಯನ್ನು ಕಲಹಾರಿಯ ಸಾನರು ಸಾವೆಂದೇ ಕರೆಯುತ್ತಾರೆ. ವಿಷಬಾಣ ತಗುಲಿದ ಎಲಾಂಡಿನಂತೆ ಅವನೂ ನಡುಗಿ, ಬೆವರಿ, ಕುಸಿಯುತ್ತಾನೆ. ಎಲಾಂಡಿನ ಶಕ್ತಿ ಪಡೆದು ರೋಗ ನೀಗುತ್ತಾನೆ. ಸಂಶೋಧಕ ಡೇವಿಡ್ ಲೂಯಿಸ್-ವಿಲಿಯಮ್ಸ್ ಚಿತ್ರವನ್ನು ಹೀಗೆ ಓದಿದ್ದು ಸಾನರ ಮಾತುಗಳ ಆಧಾರದಿಂದ. 1873ರಲ್ಲಿ ಕ್ವಿಂಗ್ ಎಂಬ ಸಾನ್ ತರುಣ ಮಲೋಟಿ ಬೆಟ್ಟಗಳ ಚಿತ್ರಗಳನ್ನು ಬ್ರಿಟಿಷ್ ಅಧಿಕಾರಿ ಜೋಸೆಫ್ ಆರ್ಪೆನ್‌ಗೆ ವಿವರಿಸಿದ್ದ.

2000ದಲ್ಲಿ ಯುನೆಸ್ಕೊ ಡ್ರೇಕನ್ಸ್‌ಬರ್ಗನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಚಿತ್ರ ಬರೆದ ಜನರನ್ನಾದರೋ ಹತ್ತೊಂಬತ್ತನೆಯ ಶತಮಾನದಲ್ಲೇ ವಸಾಹತುಗಾರರ ಬಂದೂಕುಗಳು ಬೆಟ್ಟದಿಂದ ಅಟ್ಟಿದ್ದವು. ಅಳಿದುಳಿದವರು ಸೋಥೊ, ಜುಲು ಜನರ ನಡುವೆ ಬೆರೆತುಹೋದರು.