ಗಣಕದ ಮೂರು ವ್ಯವಸ್ಥೆಗಳೂ ಕಾಲೇಜಿನ ಓದೂ

(ಸಂಘದ ವಿದ್ಯಾರ್ಥಿ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ಮಾತನಾಡಬೇಕೆಂದು ಕೇಳಿದಾಗ ನಾನು ಮೊದಲು ಹಿಂಜರಿದೆ. ಮೂವತ್ತು ವರ್ಷ ಗಣಕಯಂತ್ರಗಳ ನಡುವೆ ಕಳೆದವನಿಗೆ ಸಭೆಯಲ್ಲಿ ಮಾತನಾಡಿ ರೂಢಿಯಿಲ್ಲ. ಆದರೂ ಒಪ್ಪಿದುದಕ್ಕೆ ಕಾರಣ ನಮ್ಮ ಮನೆಯಲ್ಲಿ ಎದ್ದ ಒಂದು ವಾದ. ಅದು ನಿಮ್ಮಲ್ಲಿಯೂ ಹಲವರ ಮನೆಗಳಲ್ಲಿ ಎದ್ದಿರಬಹುದೆಂದು ನನ್ನ ಊಹೆ.

ನನ್ನ ಮಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಕಳೆದ ಬೇಸಗೆಯ ಒಂದು ರಾತ್ರಿ ಊಟಕ್ಕೆ ಕುಳಿತಾಗ, "ಅಪ್ಪಾ, ನಾನು ಕಾಲೇಜು ಬಿಡುತ್ತೇನೆ" ಎಂದ. "ಬಿಲ್ ಗೇಟ್ಸ್ ಬಿಟ್ಟರು, ಸ್ಟೀವ್ ಜಾಬ್ಸ್ ಬಿಟ್ಟರು. ಒಬ್ಬರ ವಿಂಡೋಸ್, ಇನ್ನೊಬ್ಬರ ಮ್ಯಾಕ್ ಇಂದು ಲೋಕವನ್ನೇ ಆಳುತ್ತಿವೆ. ಕಲಿಯಬೇಕಾದುದೆಲ್ಲ ಮೊಬೈಲಿನಲ್ಲೇ ಸಿಗುವಾಗ ನಾಲ್ಕು ವರ್ಷ ಏಕೆ ಕಳೆಯಬೇಕು?" ಸಾರು ಬಡಿಸುತ್ತಿದ್ದ ಅವನ ತಾಯಿ ಸೌಟು ಹಿಡಿದಂತೆಯೇ ನಿಂತುಬಿಟ್ಟಳು. ನನ್ನ ತಂದೆಯವರು ಮೂಲೆಯ ಕುರ್ಚಿಯಲ್ಲಿದ್ದರು, ಏನೂ ಹೇಳಲಿಲ್ಲ.

ನನ್ನ ತಂದೆಯವರು ಹದಿಮೂರನೆಯ ವಯಸ್ಸಿನಲ್ಲಿ ಉಡುಪಿಯ ಕಡೆಯಿಂದ ಈ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದವರು. ಹಗಲೆಲ್ಲ ದುಡಿದು, ಕನ್ನಡ ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಓದಿ, ಮೂರನೆಯ ಸಲಕ್ಕೆ ಮೆಟ್ರಿಕ್ ದಾಟಿದರು. ಅವರು ಕಾಲೇಜಿನ ಮೆಟ್ಟಿಲು ಮೊದಲು ಹತ್ತಿದುದು ನನ್ನನ್ನು ಸೇರಿಸಲು ಬಂದ ದಿನ. ಇಂಥವರ ಮುಂದೆ ಮೊಮ್ಮಗ ಆಡಿದ ಮಾತಿಗೆ ನಾನು ಕೋಪದಿಂದ ಉತ್ತರ ಕೊಡಬಾರದು, ವಿಚಾರದಿಂದ ಕೊಡಬೇಕು ಎನ್ನಿಸಿತು. ಆ ವಿಚಾರವನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು, ಆಪರೇಟಿಂಗ್ ಸಿಸ್ಟಮ್ ಎಂದರೇನು? ಹೋಟೆಲಿನ ದೃಷ್ಟಾಂತವೇ ನಮಗೆ ಹತ್ತಿರದ್ದು. ಅಡಿಗೆಮನೆಯಲ್ಲಿ ಒಲೆ ನಾಲ್ಕೇ. ಹೊರಗೆ ಮೇಜು ನಲವತ್ತು. ಯಾರ ದೋಸೆ ಮೊದಲು ಕಾವಲಿಗೆ ಬೀಳಬೇಕು, ಯಾವ ಪಾತ್ರೆ ಯಾರ ಕೈಗೆ, ಉಗ್ರಾಣದ ಬೀಗ ಯಾರಿಗೆ ತೆರೆಯಬೇಕು, ಇವನ್ನೆಲ್ಲ ನೋಡಿಕೊಳ್ಳುವ ಒಬ್ಬ ಮ್ಯಾನೇಜರ್ ಬೇಕಷ್ಟೆ. ಗಣಕದೊಳಗಿನ ಅಂಥ ಮ್ಯಾನೇಜರನೇ ಆಪರೇಟಿಂಗ್ ಸಿಸ್ಟಮ್. ಇವನು ಸರಿಯಾಗಿದ್ದರೆ ಗಿರಾಕಿಗೆ ಇವನಿರುವುದೇ ತಿಳಿಯುವುದಿಲ್ಲ.

ಮನೆಯ ಗಣಕಗಳಲ್ಲಿ ಇಂದು ಮುಖ್ಯವಾಗಿ ಮೂವರು ಮ್ಯಾನೇಜರರು. ವಿಂಡೋಸ್ ಹಲವು ಕಂಪನಿಗಳ ಯಂತ್ರಗಳಲ್ಲಿ ಓಡುತ್ತದೆ. ಕಚೇರಿಯ ಲೆಕ್ಕಪತ್ರದ ತಂತ್ರಾಂಶಗಳು ಬಹುಮಟ್ಟಿಗೆ ಅದಕ್ಕೆ ದೊರೆಯುತ್ತವೆ. ಆದರೆ ಅದರ ಒಳಗಿನ ಬರಹ ಬೀಗಮುದ್ರೆಯಲ್ಲಿದೆ. ಮ್ಯಾಕ್‌ನಲ್ಲಿ ಒಲೆಯೂ ಅಡಿಗೆಯೂ ಒಬ್ಬನೇ ಯಜಮಾನನವು. ಆದುದರಿಂದ ಹೊಂದಾಣಿಕೆ ಚೆನ್ನು, ಬೆಲೆ ಮಾತ್ರ ಹೆಚ್ಚು. ಲಿನಕ್ಸ್‌ನದು ಬೇರೆಯೇ ಧರ್ಮ. ಅದು ತಿಂಡಿಯ ಜೊತೆಗೆ ಅದನ್ನು ಮಾಡುವ ವಿಧಾನವನ್ನೂ ಬರೆದುಕೊಡುತ್ತದೆ. ಯಾರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು. ಮನೆಯ ಬಳಕೆಗೆ ಉಬುಂಟು, ಫೆಡೋರಾ ಮೊದಲಾದ ರೂಪಗಳು ಹಣವಿಲ್ಲದೆ ದೊರೆಯುತ್ತವೆ. ಆದರೆ ಕೆಲವು ತಂತ್ರಾಂಶಗಳು ಅದರಲ್ಲಿ ಓಡುವುದಿಲ್ಲ. ತೊಡಕು ಬಂದರೆ ಹುಡುಕಿ ಕಲಿಯುವ ತಾಳ್ಮೆ ಬೇಕು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಿರುಳು ಇದೇ ಲಿನಕ್ಸ್. ಜಗತ್ತಿನ ಅತಿ ವೇಗದ ೫೦೦ ಗಣಕಗಳ ಪಟ್ಟಿಯನ್ನು ೨೦೧೭ರ ನವೆಂಬರಿನಲ್ಲಿ ನೋಡಿದಾಗ ಐನೂರರಲ್ಲಿಯೂ ಅದೇ ಇದ್ದಿತು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಕಾಲೇಜಿನವರು ಅಥವಾ ಕಚೇರಿಯವರು ಯಾವುದನ್ನು ಬಳಸುತ್ತಾರೋ ಅದನ್ನು ಕೇಳಿ ಕೊಳ್ಳಿ. ಆದರೆ ಮೂಲೆಯಲ್ಲಿ ಬಿದ್ದ ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಡಿ. ವಿಂಡೋಸ್ ೧೦ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಹನ್ನೊಂದನೆಯದನ್ನು ಹಾಕಿಕೊಳ್ಳಲಾಗದ ಎಷ್ಟೋ ಯಂತ್ರಗಳು ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ಬಾಳುತ್ತವೆ. ಮೂರರಲ್ಲಿಯೂ ಕನ್ನಡವನ್ನು ಸೊಗಸಾಗಿ ಬರೆಯಬಹುದೆಂಬುದು ನಮಗೆ ಸಂತೋಷದ ಸಂಗತಿ.

ಇನ್ನು ಮಗನ ವಾದಕ್ಕೆ ಬರುತ್ತೇನೆ. ಇವುಗಳನ್ನು ಕಟ್ಟಿದವರು ಕಾಲೇಜು ಬಿಟ್ಟವರೆ? ವಂಶಾವಳಿ ನೋಡೋಣ.

ಗೇಟ್ಸ್ ಅವರು ೧೯೭೩ರಲ್ಲಿ ಹಾರ್ವರ್ಡ್ ಸೇರಿ ೧೯೭೫ರಲ್ಲಿ ಹೊರಬಂದುದು ನಿಜ. ಆದರೆ ಅವರ ಕಂಪನಿಯ ಮೊದಲ ಸರಕು ಯಾವುದು? ಒಂದು ಚಿಕ್ಕ ಗಣಕಕ್ಕಾಗಿ ಬರೆದ ಬೇಸಿಕ್ ಭಾಷೆ. ಆ ಭಾಷೆಯನ್ನು ೧೯೬೪ರಲ್ಲಿ ಡಾರ್ಟ್‌ಮತ್ ಕಾಲೇಜಿನ ಕೆಮೆನಿ, ಕರ್ಟ್ಸ್ ಎಂಬ ಇಬ್ಬರು ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗಾಗಿ ರಚಿಸಿದ್ದರು. ಗೇಟ್ಸ್ ಮತ್ತು ಅವರ ಗೆಳೆಯರು ಅದನ್ನು ಬರೆದು ಪರೀಕ್ಷಿಸಿದುದು ಹಾರ್ವರ್ಡಿನ ಗಣಕದ ಮೇಲೆಯೇ. ಮೇಲಾಗಿ ಅವರ ತಂದೆ ವಕೀಲರು. ಹೈಸ್ಕೂಲಿನಲ್ಲಿದ್ದಾಗಲೇ, ೧೯೬೮ರಲ್ಲಿ, ಅವರ ಕೈಗೆ ಗಣಕ ಸಿಕ್ಕಿತ್ತು. ಕಾಲೇಜು ಬಿಟ್ಟಾಗಲೂ ರಜೆಯ ಹೆಸರಿನಲ್ಲಿ ಬಿಟ್ಟರು; ವ್ಯವಹಾರ ಕೈಕೊಟ್ಟಿದ್ದರೆ ಮರಳಿ ಬರಲು ಬಾಗಿಲು ತೆರೆದೇ ಇದ್ದಿತು. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಅಂಥ ಬಾಗಿಲಿದೆ?

ಜಾಬ್ಸ್ ಅವರೂ ಬಿಟ್ಟರು. ಆದರೆ ಬಿಟ್ಟ ಮೇಲೂ ಆ ಕಾಲೇಜಿನಲ್ಲಿ ಅಂದದ ಅಕ್ಷರ ಬರೆಯುವ ತರಗತಿಗೆ ಹೋಗಿ ಕುಳಿತರು. ಮ್ಯಾಕಿನ ಅಕ್ಷರಗಳ ಚೆಲುವು ಅಲ್ಲಿಂದ ಬಂದಿತೆಂದು ೨೦೦೫ರಲ್ಲಿ ಅವರೇ ಹೇಳಿದರು. ೨೦೦೧ರಲ್ಲಿ ಬಂದ ಮ್ಯಾಕ್ ಓಎಸ್ ಟೆನ್‌ನ ಅಡಿಪಾಯವನ್ನು ಅಗೆದು ನೋಡಿದರೆ ಎರಡು ವಿಶ್ವವಿದ್ಯಾಲಯಗಳು ಸಿಗುತ್ತವೆ. ಮ್ಯಾಕ್ ಎಂಬ ತಿರುಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ್ದು. ಹೆಸರಿನ ಉಚ್ಚಾರ ಒಂದೇ ಆದರೂ ಅದು ಬೇರೆ ವಸ್ತು. ಅದರ ಸುತ್ತಣ ಬಹುಭಾಗ ಬರ್ಕ್ಲಿಯ ವಿದ್ಯಾರ್ಥಿಗಳು ಬೆಳೆಸಿದ ಯುನಿಕ್ಸ್‌ನಿಂದ ಬಂದುದು. ಯುನಿಕ್ಸ್ ೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಅದರ ಒಡೆಯರಾದ ಟೆಲಿಫೋನ್ ಕಂಪನಿ ಬೇರೆ ವ್ಯಾಪಾರ ಮಾಡಕೂಡದೆಂದು ೧೯೫೬ರಲ್ಲಿಯೇ ಕಟ್ಟಳೆಯಾಗಿದ್ದುದರಿಂದ ಅದು ಅಲ್ಪ ಶುಲ್ಕಕ್ಕೆ ವಿಶ್ವವಿದ್ಯಾಲಯಗಳನ್ನು ಸೇರಿತು. ಅಲ್ಲಿ ವಿದ್ಯಾರ್ಥಿಗಳು ಅದನ್ನು ಬಿಚ್ಚಿ ನೋಡಿ ಬೆಳೆಸಿದರು. ಜಾಬ್ಸ್ ಕಾಲೇಜು ಬಿಟ್ಟರು. ಅವರ ಯಂತ್ರ ಬಿಡಲಿಲ್ಲ.

ಲಿನಕ್ಸಿನ ಕಥೆಯಂತೂ ತರಗತಿಯಲ್ಲಿಯೇ ಹುಟ್ಟಿದುದು. ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಟ್ಯಾನೆನ್‌ಬಾಮ್ ಅವರು ಪಾಠಕ್ಕೆಂದೇ ಮಿನಿಕ್ಸ್ ಎಂಬ ಚಿಕ್ಕ ವ್ಯವಸ್ಥೆಯನ್ನು ರಚಿಸಿ ೧೯೮೭ರಲ್ಲಿ ಪುಸ್ತಕದೊಡನೆ ಪ್ರಕಟಿಸಿದರು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆ ಪುಸ್ತಕ ಓದಿ, ಮಿನಿಕ್ಸ್ ಬಳಸಿ, ೧೯೯೧ರಲ್ಲಿ ತನ್ನದೇ ವ್ಯವಸ್ಥೆಯನ್ನು ಲೋಕದ ಮುಂದಿಟ್ಟ. ಮರುವರ್ಷ ಪ್ರಾಧ್ಯಾಪಕರು ಅದರ ರಚನೆಯನ್ನು ಬಹಿರಂಗವಾಗಿಯೇ ಖಂಡಿಸಿದರು. ತಮ್ಮ ವಿದ್ಯಾರ್ಥಿಯಾಗಿದ್ದರೆ ಇದಕ್ಕೆ ಹೆಚ್ಚು ಅಂಕ ಸಿಗುತ್ತಿರಲಿಲ್ಲವೆಂದರು. ಹುಡುಗ ಎದುರುತ್ತರ ಕೊಟ್ಟ. ಆದರೆ ಓದು ಬಿಡಲಿಲ್ಲ. ಲಿನಕ್ಸನ್ನೇ ವಿಷಯವಾಗಿಟ್ಟು ಪ್ರಬಂಧ ಬರೆದು ಸ್ನಾತಕೋತ್ತರ ಪದವಿ ಪಡೆದ.

ಹಾಗೆಂದು ಪದವಿಯ ಕಾಗದವೇ ಸರ್ವಸ್ವವೆಂದು ನಾನು ಹೇಳಲಾರೆ. ಯುನಿಕ್ಸ್ ಕಟ್ಟಿದವರಲ್ಲೊಬ್ಬರಾದ ಡೆನ್ನಿಸ್ ರಿಚ್ಚಿ ಹಾರ್ವರ್ಡಿನಲ್ಲಿ ಪಿಎಚ್.ಡಿ. ಪ್ರಬಂಧವನ್ನು ಬರೆದರೂ ಆ ಪದವಿಯನ್ನು ವಿಧ್ಯುಕ್ತವಾಗಿ ಪಡೆಯಲೇ ಇಲ್ಲ. ಅದರಿಂದ ಅವರ ವಿದ್ಯೆಗೆ ಕುಂದಾಯಿತೆ? ನನ್ನ ಅನುಭವವನ್ನೂ ಮುಚ್ಚಿಡುವುದಿಲ್ಲ. ನಾನು ಓದಿದ ಕಾಲೇಜಿನಲ್ಲಿ ಈ ವಿಷಯವನ್ನು ಹಳೆಯ ಟಿಪ್ಪಣಿಯಿಂದ ಓದಿ ಬರೆಸುತ್ತಿದ್ದರು. 'ಡೆಡ್‌ಲಾಕ್' ಉಂಟಾಗುವ ನಾಲ್ಕು ಕಾರಣಗಳನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ಪಡೆದೆ. ಒಬ್ಬನ ಕೈಯಲ್ಲಿ ಸೌಟು, ಇನ್ನೊಬ್ಬನ ಕೈಯಲ್ಲಿ ಬಾಣಲೆ. ತನ್ನದನ್ನು ಬಿಡದೆ ಇನ್ನೊಬ್ಬನದಕ್ಕಾಗಿ ಇಬ್ಬರೂ ಕಾಯುತ್ತ ನಿಂತರೆ ಅದೇ ಡೆಡ್‌ಲಾಕ್. ನೌಕರಿಯ ಮೊದಲ ವರ್ಷ ಎರಡು ಪ್ರೋಗ್ರಾಮುಗಳು ರಾತ್ರಿಯಿಡೀ ಹೀಗೆಯೇ ನಿಂತವು. ನನಗೆ ಗುರುತೇ ಸಿಗಲಿಲ್ಲ. ಬೆಳಗಿನ ಜಾವ ಹಾಸ್ಟೆಲಿನ ಪಕ್ಕದ ಕೋಣೆಯ ಗೆಳೆಯನಿಗೆ ಫೋನು ಮಾಡಿದೆ. "ನಾವು ಬಾಯಿಪಾಠ ಮಾಡಿದ್ದು ಇದನ್ನೇ ಅಲ್ಲವೇನೋ" ಎಂದು ನಕ್ಕ. ಕಾಲೇಜಿನ ದೋಷವೂ ಕಾಲೇಜಿನ ಬೆಲೆಯೂ ಆ ಒಂದು ಮಾತಿನಲ್ಲಿವೆ. ಪಾಠ ಕೆಟ್ಟದ್ದಿತ್ತು, ಗೆಳೆಯ ಅಲ್ಲಿಯೇ ಸಿಕ್ಕಿದ್ದ.

ಮೊಬೈಲಿನಲ್ಲಿ ಪಾಠ ಸಿಗುತ್ತದೆ, ಸುಳ್ಳಲ್ಲ. ಆದರೆ ನೀನು ತಪ್ಪಿದ್ದೀಯೆ ಎಂದು ಮುಖಕ್ಕೆ ಹೇಳುವ ಗುರು, ನಡುರಾತ್ರಿ ಜಗಳವಾಡುವ ಸಹಪಾಠಿ, ಬಿಚ್ಚಿ ಕೆಡಿಸಲು ಒಂದು ಯಂತ್ರ, ಕೆಟ್ಟರೂ ಸಂಬಳ ಕತ್ತರಿಸದ ನಾಲ್ಕು ವರ್ಷ, ಇವು ಒಂದೇ ಕಡೆ ಬೇರೆಲ್ಲಿ ಸಿಗುತ್ತವೆ? ಇವನ್ನು ಬಳಸಿಕೊಳ್ಳದೆ ಹಾಜರಿಗಾಗಿ ಮಾತ್ರ ಹೋಗುವವನು ಕಾಲೇಜಿನಲ್ಲಿದ್ದೂ ಬಿಟ್ಟವನೇ.

ಇದನ್ನೆಲ್ಲ ಮಗನಿಗೆ ಹೇಳಿದೆ. ಅವನು ತಲೆಯಾಡಿಸಲಿಲ್ಲ, ಎದ್ದೂ ಹೋಗಲಿಲ್ಲ. ಆಗ ನನ್ನ ತಂದೆಯವರು ಬಾಯಿ ತೆರೆದರು: "ಮಗಾ, ನನಗೆ ಬಿಡಲಿಕ್ಕೆ ಕಾಲೇಜೇ ಇರಲಿಲ್ಲ. ನಿನಗೆ ಇದೆ. ಬಿಡುವುದಾದರೆ ಅಲ್ಲಿ ಏನೇನಿದೆ ಅಂತ ಪೂರ್ತಿ ನೋಡಿ ಬಿಡು." ಮಗ ಆ ವಾರ ನಮ್ಮ ಸಂಘದ ಕಚೇರಿಯ ಹಳೆಯ ಗಣಕವನ್ನು ಮನೆಗೆ ಹೊತ್ತು ತಂದು ಲಿನಕ್ಸ್ ಹಾಕಿದ. ಎರಡು ಕಡೆ ಸಿಕ್ಕಿಬಿದ್ದಾಗ ತನ್ನ ಕಾಲೇಜಿನ ಒಬ್ಬ ಅಧ್ಯಾಪಕರ ಬಳಿಗೆ ಹೋದ. ಅವರು ಬೈದರಂತೆ, ಆದರೆ ಸಂಜೆ ಏಳರ ತನಕ ಜೊತೆಗೆ ಕುಳಿತರಂತೆ. ಇಂದಿನ ಸಭೆಯ ಆಮಂತ್ರಣವನ್ನು ಕಾರ್ಯದರ್ಶಿಗಳು ಅಚ್ಚು ಹಾಕಿದುದು ಆ ಯಂತ್ರದಲ್ಲಿಯೇ. ಕಾಲೇಜು ಬಿಡುವ ಮಾತು ಈಗ ನಿಂತಿದೆ. ಮತ್ತೆ ಏಳದೆಂದು ನಾನು ಹೇಳಲಾರೆ. ಎದ್ದರೆ ಮತ್ತೆ ಊಟದ ಹೊತ್ತಿಗೆ ಕುಳಿತು ಮಾತನಾಡುತ್ತೇವೆ.